ಕಥೆ ಓದುತ್ತಿದ್ದ ಅಕ್ಕ

ಕಳೆದ ಶ್ರಾವಣದಲ್ಲಿ ಶಿವಮೊಗ್ಗದಲ್ಲಿರುವ ತಂಗಿ ಮಗಳ ಮನೆಗೆ ಮಂಗಳ ಗೌರಿ ಪೂಜೆಗೆ ಹೋಗಿದ್ದೆ. ತುಪ್ಪ ಸವರಿದ ಸಟ್ಟುಗವನ್ನು ತಂಬಿಟ್ಟಿನ ದೀಪಗಳ ಮೇಲೆ ಹಿಡಿದು ಅವಳು ಕಾಡಿಗೆ ಕಟ್ಟಿಸುತ್ತಿದ್ದಳು. ಆ ಸುಟ್ಟ ತುಪ್ಪದ ವಾಸನೆ ಮೂಗಿಗೆ ಬಡಿದಿದ್ದೇ ತಡ, ಭದ್ರಾವತಿಯ ಪಕ್ಕದ ಮನೆ ಅಕ್ಕ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದ ಹೊಸತು. ಮದುವೆಯಾದ ಹೆಣ್ಣು ಐದು ವರ್ಷ ಈ ವ್ರತ ಮಾಡಬೇಕು; ಕಾಡಿಗೆ ಕಟ್ಟುವಷ್ಟು ಹೊತ್ತೂ ಯಾರಾದರೂ ಕಥೆ ಓದುತ್ತಿರಬೇಕು. ನಮ್ಮ ಸಾಲಿನಲ್ಲಿ ಆ ಕೆಲಸ ಅಕ್ಕನದು. ವ್ರತದ ಪುಣ್ಯದಿಂದ ಹೆಂಡತಿ ಗಂಡನನ್ನು ಸಾವಿನಿಂದ ಉಳಿಸಿಕೊಳ್ಳುವ ಕಥೆ. ಅವನನ್ನು ಕಚ್ಚಲು ಹಾವು ಬರುವ ಜಾಗದಲ್ಲಿ ಅಕ್ಕ ಬೇಕೆಂದೇ ನಿಲ್ಲಿಸಿ ಕುಡಿಯಲು ನೀರು ಕೇಳುತ್ತಿದ್ದರು. ನಮಗೆ ಜೀವ ಬಾಯಿಗೆ ಬರುತ್ತಿತ್ತು, ಅವರಿಗೆ ನಗು.

ನನ್ನ ಮೂರನೆಯ ವರ್ಷದ ವ್ರತಕ್ಕೆ ಮುಂಚೆ, ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ಯಜಮಾನರು ಜಾಂಡೀಸ್ ಆಗಿ ತೀರಿಹೋದರು. ಶ್ರಾವಣ ಬಂತು. ಮುತ್ತೈದೆಯೇ ಓದಬೇಕೆಂದು ನಮ್ಮ ಅತ್ತೆ ಬೇರೆಯವರನ್ನು ಗೊತ್ತುಮಾಡಿದರು. ನನಗೆ ಸಿಟ್ಟು ಬಂತು. ಅತ್ತೆಯ ಮಾತು ಮೀರಿ ಅಕ್ಕನ ಮನೆಗೆ ಹೋಗಿ ಕರೆದೆ. ಅವರು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಆ ಕಥೆಯವಳು ಮಾಡಿದ ವ್ರತಾನೇ ನಾನೂ ಮಾಡಿದ್ದು. ಈಗ ಅವಳ ಗಂಡ ಬದುಕಿದ ಅಂತ ನಾನು ಹೆಂಗೆ ಓದ್ಲಿ, ಮಾರಾಯ್ತಿ?" ಅಂದರು. ದನಿಯಲ್ಲಿ ಅಳು ಇರಲಿಲ್ಲ.

ಏನಾದರೂ ಹೇಳಬೇಕಲ್ಲ. "ತಾರೆ, ಮಂಡೋದರಿ ಇಬ್ರೂ ಗಂಡನ್ನ ಕಳ್ಕೊಂಡೋರೇ ಅಲ್ವಾ ಅಕ್ಕ? ದಿನಾ ಬೆಳಿಗ್ಗೆ ಅವರ ಹೆಸರು ಹೇಳಿದ್ರೆ ಪಾಪ ಹೋಗುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು," ಅಂದೆ.

"ಅವರಿಬ್ರಿಗೂ ಆಮೇಲೆ ಕೈಹಿಡಿಯೋಕೆ ಮೈದುನಂದಿರು ಇದ್ರು. ರಾಣೀರಾಗೇ ಉಳಿದ್ರು. ನಾನು ಈ ಕ್ವಾರ್ಟರ್ಸೂ ಬಿಡ್ಬೇಕು," ಅಂದು ಚೀಲದ ಬಾಯಿ ಕಟ್ಟಿದರು.

ಅಕ್ಕ ಓದಲು ಬರಲಿಲ್ಲ; ಕುಂಸಿಯಲ್ಲಿದ್ದ ತಮ್ಮನ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ಅಲ್ಲಿಯೇ ತೀರಿಕೊಂಡರಂತೆ... ಸುದ್ದಿ ತಿಳಿದಾಗ ನಾನು ಅನ್ನಕ್ಕೆ ಇಟ್ಟಿದ್ದೆ. ಅಳು ಬರಲಿಲ್ಲ. ಗಂಜಿ ಬಸಿದೆ, ಎಲ್ಲರಿಗೂ ಬಡಿಸಿದೆ.

ಕಳೆದ ಶ್ರಾವಣದ ಆ ಪೂಜೆಯಲ್ಲಿ ತಂಗಿ ಮಗಳು "ದೊಡ್ಡಮ್ಮ, ಕಥೆ ನೀವೇ ಓದಿ" ಎಂದಳು. ಮಣೆಯ ಮೇಲೆ ಕೂತು ಓದಿದೆ. ಗಂಡ ಬದುಕಿದ, ಎಲ್ಲರೂ ಅಕ್ಷತೆ ಹಾಕಿದರು, ನಾನೂ ಹಾಕಿದೆ. ಗಂಡ ಸತ್ತ ಮೇಲೂ ಹೆಂಗಸು ಅದೇ ಮಣೆಯ ಮೇಲೆ ಕೂತು ಓದಬಹುದಾದ ಕಥೆ ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ. ಸಿಕ್ಕರೂ, ಓದಲು ಅಕ್ಕ ಇಲ್ಲ.