ಹಳದಿ ಮನೆ

ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವ ಹಾಳೆಯೂ ನಮ್ಮ ಚೌಕಾಬಾರದ ಹಾಗೆ ಮನೆಮನೆಯಾಗಿರುತ್ತದೆ ಎಂಬುದು, ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ತಿಳಿದದ್ದು ಮೊಮ್ಮಕ್ಕಳನ್ನು ಕಂಡ ಮೇಲೆ. ಮನೆಯೊಳಗೆ ಕಾಣುವುದು ಬರೀ ಅಂಕಿ. ಅದನ್ನು ಒತ್ತಿದರೆ ಆ ಅಂಕಿ ಎಲ್ಲಿಂದ ಬಂತೆಂಬ ಲೆಕ್ಕ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಗಂಡಸರ ಹಣೆಗೂ ಇಂಥದೊಂದು ಪಟ್ಟಿಯಿದ್ದಿದ್ದರೆ ನನ್ನ ಅರ್ಧ ಆಯಸ್ಸು ಉಳಿಯುತ್ತಿತ್ತು.

ಪೀಣ್ಯದಲ್ಲಿ ನಮ್ಮದೊಂದು ಶೆಡ್ಡು, ಕಬ್ಬಿಣ ಕಡೆಯುವ ಎರಡು ಲೇತು. ಬಿಲ್ಲು ಬರೆಯುವುದು ಮೊದಲಿನಿಂದಲೂ ನಮ್ಮ ಯಜಮಾನರ ಕೆಲಸ. ಮಾರಾಟ ತೆರಿಗೆ ನೂರಕ್ಕೆ ಹದಿನಾಲ್ಕೂವರೆ ಇದ್ದಾಗ, ಮೊತ್ತದ ಹತ್ತನೇ ಒಂದು ಪಾಲು, ಅದರ ಮೇಲೆ ಅದರರ್ಧ, ಆ ಅರ್ಧದ ಹತ್ತರಲ್ಲೊಂದು ಪಾಲು ವಜಾ ಎಂದು ಕಣ್ಣು ಮುಚ್ಚಿ ತುಟಿಯಲ್ಲೇ ಮುಗಿಸುತ್ತಿದ್ದರು, ನೋಡಿದವರು ದೈವಭಕ್ತರೆಂದುಕೊಳ್ಳುತ್ತಿದ್ದರು. ಆಮೇಲೆ ಬಿ.ಕಾಂ. ಓದಿದ ಸೊಸೆ ಶೋಭಾ ಬಂದು ಹಾಳೆ ಮಾಡಿಟ್ಟಳು. ಮಾಲೆಷ್ಟು, ದರವೆಷ್ಟು ಎಂದು ಹಾಕಿದರೆ ಸಾಕು, ತೆರಿಗೆ ತಾನೇ ಬಂದು ತನ್ನ ಮನೆಯಲ್ಲಿ ಕೂರುತ್ತಿತ್ತು.

ಯಜಮಾನರಿಗೆ ತಾನೇ ಬಂದು ಕೂರುವವರನ್ನು ಕಂಡರೆ ಅನುಮಾನ. ಎಂಟು ಸಾವಿರದ ಬಿಲ್ಲಿಗೆ ತಾವೇ ಲೆಕ್ಕ ಹಾಕಿ, ಸಾವಿರದ ನೂರ ಅರವತ್ತು ಎಂದು ಆ ಮನೆಯೊಳಗೆ ಒತ್ತಿದರು. ಅಲ್ಲಿ ಶೋಭಾ ಬರೆದಿಟ್ಟಿದ್ದ ಲೆಕ್ಕದ ಫಾರ್ಮುಲಾ ಅಳಿಸಿಹೋಯಿತು. ಮುಂದಿನ ಬಿಲ್ಲುಗಳೆಲ್ಲ ಅದೇ ಹಾಳೆಯ ನಕಲು. ಇಪ್ಪತ್ತು ಸಾವಿರದ ಮಾಲಿಗೂ ಅಷ್ಟೇ ತೆರಿಗೆ. ಕಡಿಮೆ ಬಿದ್ದದ್ದನ್ನು ನಾವೇ ಕೈಯಿಂದ ಕಟ್ಟಿದೆವು.

"ನಾನು ಹಾಕಿದ್ದು ತಪ್ಪಾ ಶೋಭಾ?"

"ಇಲ್ಲ ಮಾವ, ಸರಿಯಾಗೇ ಇತ್ತು. ಆದ್ರೆ ಅಲ್ಲಿ ನಂಬರ್ ಹಾಕ್ಬಾರ್ದು."

"ಸರಿಯಾಗಿದ್ಮೇಲೆ ತಪ್ಪೆಂಗಾತದಮ್ಮ?"

ಶೋಭಾ ಫಾರ್ಮುಲಾ ಇದ್ದ ಮನೆಗಳಿಗೆಲ್ಲ, ಯಾರು ಒತ್ತಿದರೂ ಅಂಕಿ ಬದಲಾಗದ ಹಾಗೆ, ಕಂಪ್ಯೂಟರಿನಲ್ಲೇ ಬೀಗ ಹಾಕಿದಳು. ಹಾಕದೆ ಇನ್ನೇನು ಮಾಡಬೇಕಿತ್ತು? ಮಾರನೆಯ ದಿನ ಯಜಮಾನರು ಒತ್ತಿದರು, ಮತ್ತೆ ಒತ್ತಿದರು, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅಂದಿನಿಂದ ಶೆಡ್ಡಿಗೆ ಹೋಗಲಿಲ್ಲ. ಕೇಳಿದರೆ ಬಿಸಿಲು ಎನ್ನುತ್ತಿದ್ದರು, ಮೋಡವಿದ್ದ ದಿನವೂ.

ಶೋಭಾ ಒಳ್ಳೆಯವಳು. ಹಳೇ ಗಿರಾಕಿಗಳಿಗೆ ಕೊನೆಯ ಚಿಲ್ಲರೆ ಬಿಡುವುದು ಯಜಮಾನರ ಪದ್ಧತಿಯಾಗಿತ್ತು, ಅದಕ್ಕೆಂದೇ ಬಿಲ್ಲಿನ ತಳದಲ್ಲಿ ಒಂದು ಮನೆಗೆ ಹಳದಿ ಬಣ್ಣ ಬಳಿದು, ಬೀಗವಿಲ್ಲದೆ ಬಿಟ್ಟಳು. ಸುದ್ದಿ ಒಯ್ದವಳು ನಾನು.

"ನಿಮಗೇ ಅಂತ ಒಂದು ಮನೆ ಬಿಟ್ಟವ್ಳೆ. ಬನ್ನಿ."

"ಚಿಲ್ಲರೆ ಬಿಡಾಕೆ ನಾನೇ ಬೇಕಾ?" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಬರಲೇ ಇಲ್ಲ. ಹೊಸ ತೆರಿಗೆ ಬರುವ ಮೊದಲೇ ತೀರಿಕೊಂಡರು. ಅದು ನೂರಕ್ಕೆ ಹದಿನೆಂಟು ಎಂದಾಗ ಶೋಭಾ ಒಂದೇ ಮನೆಯಲ್ಲಿ ಅಂಕಿ ಬದಲಿಸಿದಳು, ಹಾಳೆಯೆಲ್ಲ ಸರಿಹೋಯಿತು. ನಾನು ಈರುಳ್ಳಿ ಹೆಚ್ಚುತ್ತಾ ದಾರಿ ಕಂಡುಕೊಂಡೆ: ಐದರಲ್ಲೊಂದು ಪಾಲು ತಗೊಂಡು, ಅದರ ಹತ್ತರಲ್ಲೊಂದು ಪಾಲು ಕಳೆದರಾಯಿತು. ಕೇಳಿಸಿಕೊಂಡು, ಹೌದಾ ನೋಡೋಣ ಎಂದು ಕಣ್ಣು ಮುಚ್ಚುವವರು ಇರಲಿಲ್ಲ.

ಮೊನ್ನೆ ಶೆಡ್ಡಿಗೆ ಊಟ ಒಯ್ದಾಗ ಶೋಭಾ ಕೇಳಿದಳು, "ಅತ್ತೆ, ಈ ಹಳದಿ ಮನೆಗೂ ಫಾರ್ಮುಲಾ ಹಾಕ್ಬಿಡ್ಲಾ? ಚಿಲ್ಲರೆ ತಾನೇ ಹೋಗುತ್ತೆ."

"ಬ್ಯಾಡ, ಕೈಯಲ್ಲೇ ಹಾಕು," ಎಂದೆ.

ಅವಳು ಹೊಸ ಬಿಲ್ಲು ತೆರೆದಿಟ್ಟು ಅತ್ತ ಹೋದಾಗ ಆ ಹಳದಿ ಮನೆಯನ್ನು ಒತ್ತಿ ನೋಡಿದೆ. ಮನೆಯೊಳಗೂ ಏನಿಲ್ಲ, ಮೇಲಿನ ಪಟ್ಟಿಯಲ್ಲೂ ಏನಿಲ್ಲ.