ಅಕ್ಕನ ಹೊರಸಿಗೆ ಕೊಂಡ ಖರಾದು

ಗೋಗಿಯಿಂದ ಅಕ್ಕನನ್ನು ಶಹಾಪುರದ ನಮ್ಮ ಮನೆಗೆ ಕರೆತಂದಾಗ ಅವಳ ಹೊರಸೂ ಟಂಟಂ ಆಟೋದಲ್ಲಿ ಹೇರಿಕೊಂಡು ಬಂತು. ಹಗ್ಗ ಹೆಣೆದ, ಮೊಣಕಾಲಿಗಿಂತ ಬಹಳ ತಗ್ಗಾದ ಹಳೆಯ ಮಂಚ. ಬಿದ್ದು ಮುರಿದಿದ್ದ ಸೊಂಟದ ಎಲುಬು ಅಷ್ಟರಲ್ಲಿ ಕೂಡಿತ್ತು, ಕೋಲು ಹಿಡಿದು ನಡೆಯುತ್ತಿದ್ದಳು. ಆದರೆ ಆ ತಗ್ಗಿನಿಂದ ಮೇಲೇಳಲು ಯಾರಾದರೂ ಕಂಕುಳಿಗೆ ಕೈ ಕೊಟ್ಟು ಎತ್ತಬೇಕಿತ್ತು. ನನ್ನ ಹೆಂಡತಿ ಬೇಸರವಿಲ್ಲದೆ ಎತ್ತುತ್ತಿದ್ದಳು. ಬೇಸರ ಅಕ್ಕನದು. ಬಚ್ಚಲಿಗೆ ಹೋಗಲು ಕರೆಯಬೇಕಾಗುತ್ತದೆಂದು ಸಂಜೆಯಾದರೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತುಟಿ ಒಡೆದದ್ದು ನೋಡಿ ಕೇಳಿದಾಗ ಬಾಯಿಬಿಟ್ಟಳು.

“ದಿನಾ ಮಂದಿ ಕೈಲೆ ಎತ್ತಿಸ್ಕೊಂಡು ಹೋಗೂದು ಒಂದ್ ಬಾಳೇನೋ ತಮ್ಮಾ?”

ಕಬ್ಬಿಣದ ಮಂಚ ತರುತ್ತೇನೆಂದೆ. “ಅದರ ಮ್ಯಾಲ ನೀನ ಮಲಗು. ನನಗ ದವಾಖಾನಿ ನೆನಪಾಗ್ತದ” ಅಂದಳು. ಹೊರಸಿನ ಕಾಲುಗಳ ಕೆಳಗೆ ಇಟ್ಟಂಗಿ ಕೊಟ್ಟು ನೋಡಿದೆವು. ಅವಳು ಏಳಲು ಒತ್ತಿದ ಕೂಡಲೇ ಹೊರಸಿನ ಒಂದು ಕಾಲು ಇಟ್ಟಂಗಿಯಿಂದ ಜಾರಿತು. ಬೀಳಲಿಲ್ಲ, ಚೀರಿದಳು. ಆಮೇಲೆ ಇಟ್ಟಂಗಿಯ ಮಾತೆತ್ತಿದರೆ ಗೋಡೆ ಕಡೆ ತಿರುಗುತ್ತಿದ್ದಳು.

ಹೊರಸಿಗೆ ಉದ್ದನೆಯ ಹೊಸ ಕಾಲು ಹಾಕಿಸುವುದೊಂದೇ ದಾರಿ. ಮೊದಲು ಸುರಪುರದಲ್ಲಿ ಅಂಥ ಕಾಲು ಕಡೆದುಕೊಡುವ ಖರಾದಿಯವರೊಬ್ಬರಿದ್ದರು. ಹೋಗಿ ನೋಡಿದರೆ ಅಲ್ಲೀಗ ಮೊಬೈಲ್ ಅಂಗಡಿ. ಖರಾದು ಅಂದರೇನು, ಕಟ್ಟಿಗೆಯನ್ನು ಗರಗರ ತಿರುಗಿಸುವ ಯಂತ್ರ. ಉಳಿ ಹಿಡಿದರೆ ಕಟ್ಟಿಗೆ ತಾನೇ ದುಂಡಗಾಗುತ್ತದೆ. ಹಗ್ಗ, ಪೈಪು, ಪಂಪಿನ ಸಾಮಾನು ಮಾರಿ ಅಂಗಡಿ ಕಟ್ಟಿದವನಿಗೆ ಇದೇನು ಮಹಾ ಅಂದುಕೊಂಡು ಯಾದಗಿರಿಗೆ ಹೋದೆ.

ಅಲ್ಲೊಂದು ಅಂಗಡಿಯಲ್ಲಿ ಹೊಲಿಗೆ ಯಂತ್ರದಷ್ಟೇ ಇರುವ ಸಣ್ಣ ಖರಾದು ಸಿಕ್ಕಿತು. ಒಂದು ಮಾತು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು: ಬೇಕಾದ ವಸ್ತುವಿನ ಕಡೆ ಮೊದಲು ನೋಡಲೇಬಾರದು. ಅದರ ಪಕ್ಕದ್ದರ ಬೆಲೆ ಕೇಳಿ, ಮುಖ ಸಿಂಡರಿಸಿ, ಹೊರಡುವಾಗ ಇದೇನೆಂದು ಕೇಳಬೇಕು. ನಾನು ಹಾಗೆಯೇ ಮಾಡಿದೆ. ಬೆಲೆ ಇಳಿದಷ್ಟೂ ಇಳಿಸಿ, ಮೇಲೆ ಉಳಿಗಳ ಕಟ್ಟನ್ನೂ ಪುಕ್ಕಟೆ ಕೇಳಿದೆ.

“ಕಾಕಾ, ನೀವು ಸಾಮಾನ ಒಯ್ಯಾಕ ಬಂದೀರೋ, ನನ್ನ ದುಕಾನ ಮುಚ್ಚಸಾಕ ಬಂದೀರೋ?” ಅಂದ ಅಂಗಡಿಯವ.

“ಮುಚ್ಚು, ಶಟರ್ ನಾನ ಎಳೀತೀನಿ. ಮೊದಲ ಉಳಿ ಕೊಡು.”

ಗೆದ್ದೆನೆಂದು ಮನೆಗೆ ಬಂದು, ಹೊರಸಿನ ಕಾಲಿಗೆಂದು ತಂದ ಕಟ್ಟಿಗೆಯನ್ನು ಯಂತ್ರಕ್ಕೆ ಹಿಡಿದರೆ ಕೂರಲೊಲ್ಲದು. ಕಟ್ಟಿಗೆಯನ್ನು ಎರಡೂ ಕಡೆಯಿಂದ ಚುಚ್ಚಿ ಹಿಡಿಯುವ ಮೊನೆಗಳ ನಡುವಿನ ಜಾಗವೇ ಗಿಡ್ಡ.

“ಕಾಲು ಕಡಿಯಾಕ ಮಷೀನ್ ತಂದೀರಿ, ಅದರಾಗ ಕಾಲ ಹಿಡಿಸವಲ್ದು” ಅಂದಳು ಹೆಂಡತಿ. “ಅಷ್ಟ ಚೌಕಾಸಿ ಮಾಡಿದೋರು ಉದ್ದ ಕೇಳಲಿಲ್ಲೇನ್ರಿ?”

ಕೇಳಿರಲಿಲ್ಲ. ನೀವು ಕೊಳ್ಳುವುದಾದರೆ, ಏನು ಮಾಡಬೇಕೆಂದಿದ್ದೀರೋ ಅಷ್ಟುದ್ದದ ಒಂದು ಕಡ್ಡಿ ಕೈಯಲ್ಲಿ ಹಿಡಿದು ಹೋಗಿ, ಅಂಗಡಿಯಲ್ಲೇ ಇಟ್ಟು ನೋಡಿ. ಅಷ್ಟು ಜಗ್ಗಾಡಿ ತಂದದ್ದನ್ನು ವಾಪಸ್ ಒಯ್ಯಲು ನನಗೆ ಮುಖವಿರಲಿಲ್ಲ.

ಯಂತ್ರದ ಮುಂದೆ ಕುಳಿತು ಯೋಚಿಸಿದಾಗ ಹೊಳೆದದ್ದು ಇಷ್ಟು: ಇಟ್ಟಂಗಿ ಮೇಲಿಂದ ಕಾಲು ಜಾರಿದ್ದು ಅದರಲ್ಲಿ ಕುಳಿ ಇಲ್ಲದ್ದಕ್ಕೆ. ದುಂಡನೆಯ ಗಿಡ್ಡ ಕಟ್ಟಿಗೆ ಕಡೆದು, ತಲೆಯಲ್ಲಿ ಕುಳಿ ತೋಡಿ, ಹೊರಸಿನ ಕಾಲನ್ನು ಅದರೊಳಗೆ ಇಳಿಸಿದರೆ? ಗಿಡ್ಡ ಕೆಲಸಕ್ಕೆ ಗಿಡ್ಡ ಯಂತ್ರ ಸಾಕಲ್ಲ!

ಅಕ್ಕನ ಮಗ ಗೋಗಿಯ ಕಾಲುವೆ ದಂಡೆಯಿಂದ ಕರಿಜಾಲಿ ಕೊಂಬೆ ಕಡಿದು ತಂದುಕೊಟ್ಟ. ಪುಕ್ಕಟೆ ಅಂದರೆ ನನಗೆ ಹಿಗ್ಗು. ಉಳಿ ಹಚ್ಚಿದರೆ ಬೆಣ್ಣೆಯ ಹಾಗೆ ಬಂತು. ಸಿಪ್ಪೆ ಶ್ಯಾವಿಗೆಯಂತೆ ಉದ್ದುದ್ದ ಹಾರಿ ಮುಖಕ್ಕೆ ನೀರು ಸಿಡಿಯಿತು. ನಾನು ಅದನ್ನು ನನ್ನ ಕೈಚಳಕ ಅಂದುಕೊಂಡೆ. ಒಂದು ವಾರ ಕಳೆಯುವುದರೊಳಗೆ ಕಡೆದಿಟ್ಟ ನಾಲ್ಕೂ ಕಟ್ಟಿಗೆ ಒಣಗುತ್ತ ಮೊಟ್ಟೆಯಾಕಾರ ತಾಳಿ, ಎರಡು ಸೀಳಿದವು. ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಜಾಲಿ ಬಿಸಿಲುಂಡು ಬೆಳೆಯುತ್ತಿತ್ತು, ಕಡಿಯುವಾಗಲೇ ಕೊಡಲಿಯ ಬಾಯಿ ಮೊಂಡು ಮಾಡುತ್ತಿತ್ತು. ಕಾಲುವೆ ದಂಡೆಯದು ಹಗಲಿರುಳು ನೀರು ಕುಡಿದ ಗಿಡ. ಆ ಲೆಕ್ಕ ನನಗೆ ಹತ್ತಿರಲಿಲ್ಲ.

ಅಕ್ಕ ಮಲಗಿದಲ್ಲಿಂದಲೇ ನಕ್ಕಳು. “ಹಪ್ಪಳಾದ್ರೂ ಎರಡ್ ಬಿಸಿಲು ಕಾಣ್ತದ. ನೀ ಅದಕ್ಕ ಒಂದೂ ತೋರಿಸಲಿಲ್ಲ.”

ಎರಡನೆಯ ಸಲ ಒಣಕಟ್ಟಿಗೆ ಹುಡುಕಿದೆ. ಕಾಲುವೆ ಬಂದ ಮೇಲೆ ಪಾಳುಬಿದ್ದ ಬಾವಿಯೊಂದರ ಮೇಲೆ ನೀರು ಸೇದುವ ಗಾಲಿ ಕೂಡಿಸುತ್ತಿದ್ದ ಹಳೆಯ ತೊಲೆ ಸಿಕ್ಕಿತು. ಹಳೆಯ ತೊಲೆಯಲ್ಲಿ ಮೊಳೆ ಇರುತ್ತವೆ, ಮೊದಲು ಅವನ್ನು ಹುಡುಕಿ ಕೀಳಿ. ಹೆಗಲ ಮೇಲಿನ ಟವೆಲ್ ತೆಗೆದು ಗೂಟಕ್ಕೆ ಹಾಕಿ. ತಿರುಗುವ ಯಂತ್ರಕ್ಕೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆಯುತ್ತದೆ. ಅಗ್ಗದ ಮೋಟಾರಿಗೆ ದಮ್ಮು ಕಡಿಮೆ. ಉಳಿ ಜೋರಾಗಿ ಒತ್ತಿದರೆ ನಿಂತುಬಿಡುತ್ತದೆ. ಉಳಿ ಹರಿತ ಮಾಡಿಕೊಂಡು, ಸವರಿದಂತೆ ಹಿಡಿದರೆ ಅದೂ ದುಡಿಯುತ್ತದೆ. ನಾನು ಬೈಯುತ್ತ ಬೈಯುತ್ತ ಕಲಿತೆ.

ಎಷ್ಟು ಎತ್ತರ ಬೇಕೆಂದು ಮೊದಲೇ ಅಕ್ಕನನ್ನು ಕೇಳಿದ್ದೆ. “ಒಂದ್ ಚೋಟು ಏರಿಸಿದ್ರ ಸಾಕು” ಅಂದಿದ್ದಳು. ಚೋಟು ಅಂದರೆ ಹೆಬ್ಬೆರಳು, ತೋರುಬೆರಳು ಅಗಲಿಸಿದಷ್ಟು. ಬೆರಳು ಅಗಲಿಸಿ ಗುರುತು ಹಾಕಿಕೊಂಡೆ, ಸರಿಯಾಗಿ ಅಷ್ಟೇ ಏರುವಂತೆ ನಾಲ್ಕನ್ನೂ ಕಡೆದೆ. ಹೊರಸಿನ ಕಾಲುಗಳು ಕುಳಿಯಲ್ಲಿ ಗಟ್ಟಿಯಾಗಿ ಕೂತವು. ಅಕ್ಕನನ್ನು ಕೂರಿಸಿದೆವು. ಅವಳ ಪಾದಗಳು ನೆಲ ಮುಟ್ಟದೆ ತೂಗಾಡಿದವು. ಹೊರಸಿನ ಅಂಚನ್ನು ಎರಡೂ ಕೈಯಿಂದ ಅವುಚಿ ಹಿಡಿದಳು.

“ನನ್ನ ಏನ್ ತೊಟ್ಟಿಲ್ದಾಗ ಕುಂದ್ರಿಸೀಯೇನೋ? ನೆಲಾನ ಸಿಗವಲ್ದು!”

“ನೀನ ಚೋಟು ಅಂದಿ. ಚೋಟ ಮಾಡೀನಿ.”

“ಯಾರ ಚೋಟು?”

ಅನ್ನುತ್ತ ತನ್ನ ಕೈ ಮುಂದೆ ಚಾಚಿದಳು. ವರ್ಷಗಟ್ಟಲೆ ಕಳೆ ಕಿತ್ತ, ಹತ್ತಿ ಬಿಡಿಸಿದ ಬೆರಳು. ಗಂಟುಗಳಲ್ಲಿ ಸೊಟ್ಟಗಾಗಿ, ಪೂರ್ತಿ ಅಗಲಿಸಲೂ ಬರದು. ಪಕ್ಕದಲ್ಲಿ ನನ್ನ ಕೈ ಇಟ್ಟೆ. ಹಗ್ಗವನ್ನು ತೋಳಿನಳತೆಯಲ್ಲಿ ಕೊಳ್ಳುವಾಗ ಎತ್ತರದ ಆಳನ್ನೇ ಜೊತೆಗೆ ಕರೆದೊಯ್ದು ಅವನ ತೋಳಿನಿಂದ ಅಳೆಸುತ್ತಿದ್ದವನು ನಾನು. ಅಕ್ಕ ಚೋಟು ಅಂದಾಗ ಅವಳ ಕೈ ನೋಡಬೇಕೆಂದು ತೋಚಲೇ ಇಲ್ಲ.

ಒಂದು ದಾರ ತಂದು ಅವಳ ಬೆರಳುಗಳ ನಡುವೆ ಹಿಡಿದೆ. “ಜಗ್ಗಬ್ಯಾಡ, ನೋಯ್ತದ” ಅಂದಳು. ಜಗ್ಗದೆ ಅಳೆದು ಗಂಟು ಹಾಕಿದೆ. ಹೊಸದಾಗಿ ಕಡೆಯುವ ಅಗತ್ಯ ಬೀಳಲಿಲ್ಲ. ಕುಳಿಗಳನ್ನೇ ಇನ್ನಷ್ಟು ಆಳ ತೋಡಿದೆ. ಹೊರಸು ತಗ್ಗಿತು, ಕಾಲುಗಳು ಇನ್ನೂ ಭದ್ರವಾಗಿ ಇಳಿದವು.

ಈ ಸಲ ಕೂತಾಗ ಎರಡೂ ಪಾದ ನೆಲಕ್ಕೆ ಊರಿದವು. ಅಕ್ಕ ಕೋಲನ್ನು ಮುಂದೆ ನಿಲ್ಲಿಸಿಕೊಂಡಳು. ರೂಢಿಯಂತೆ ನಾನು ಕಂಕುಳಿಗೆ ಕೈ ಚಾಚಿದೆ.

“ಕೈ ತಗಿ. ಅಡ್ಡ ನಿಂದ್ರಬ್ಯಾಡ.”

ಸರಿದು ನಿಂತೆ. ಅವಳು ಮುಂದಕ್ಕೆ ಬಾಗಿ, ಕೋಲಿಗೆ ಭಾರ ಕೊಟ್ಟು, ಎದ್ದಳು. ಗೋಡೆ ಮುಟ್ಟುತ್ತ ಬಚ್ಚಲಿಗೆ ನಡೆದಳು. ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿದ್ದ ಸದ್ದು.

“ಚಿಲಕ ಹಾಕ್ಯಾರಲ್ರಿ!” ಹೆಂಡತಿ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು. “ಒಳಗ ಏನರ ಆದ್ರ?”

“ಹಾಕ್ಕೊಳ್ಳಲಿ ಬಿಡು” ಅಂದೆ. ಇಬ್ಬರೂ ಬಾಗಿಲಿನಿಂದ ದೂರ ಸರಿದು, ಕಿವಿ ಮಾತ್ರ ಅತ್ತ ಇಟ್ಟು ನಿಂತೆವು.