ಬಾಡಿಗೆ ಬಾಕ್ಸು, ಓನರಮ್ಮನ ಬಾಗಿಲು

ಅವರ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಹೊಲಿಗೆ ಹಾಕಿಸಿದ್ದರೂ ಅದು ಕೂಡಿಕೊಂಡಿರಲಿಲ್ಲ. ಬಲಗಿವಿಯಲ್ಲಿ ಓಲೆ, ಎಡಗಿವಿ ಬರಿದು. ಗಾಬರಿಯಾದಾಗಲೆಲ್ಲ ಅವರ ಬೆರಳು ತಾನಾಗಿ ಆ ಸೀಳಿಗೆ ಹೋಗುತ್ತಿತ್ತು. ಅವರು ಗಾಬರಿಯಾಗದ ದಿನವೊಂದನ್ನು ನಾನಂತೂ ಕಾಣಲಿಲ್ಲ.

ಮಧುಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಎಲ್ಲರ ಬಾಯಲ್ಲೂ ಓನರಮ್ಮ. ತವರು ನಿಡುಗಲ್ ಕಡೆಯ ಹಳ್ಳಿ, ಹಾಗಾಗಿ ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಗಂಡ ತೀರಿಕೊಂಡಿದ್ದರು. ಮಗಳನ್ನು ಕೊರಟಗೆರೆಗೆ ಕೊಟ್ಟಿದ್ದರು, ಅವಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಕೆಳಗೆ ಓನರಮ್ಮ, ಮಹಡಿಯ ಮೇಲೆ ನಾನು ಮತ್ತು ನನ್ನ ಗಂಡ. ನಮ್ಮವರು ಬಸ್ ಡ್ರೈವರ್, ಪಾವಗಡದ ರೂಟು. ನಾನು ಐ.ಡಿ.ಹಳ್ಳಿ ಕಡೆ ಶಾಲೆಯಲ್ಲಿ ಟೀಚರ್.

ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನೂ ಓನರಮ್ಮ ಕಿಟಕಿಯಿಂದಲೇ ವಿಚಾರಿಸುತ್ತಿದ್ದರು. "ಯಾವೂರಪ್ಪ ನಿಂದು? ಯಾರ ಮಗ?" ಅವನು ಪ್ರತಿ ತಿಂಗಳೂ ಬರುವವನೇ ಆದರೂ ಪ್ರತಿ ತಿಂಗಳೂ ಅದೇ ಪ್ರಶ್ನೆ. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ, ನಡುವೆ ಅಡ್ಡಪಟ್ಟಿ. ನಾವಿಬ್ಬರೂ ಮೇಲೆ ಕೂತು ನಗುತ್ತಿದ್ದೆವು.

ಟಿವಿಗೆ ಡಿಶ್ ಹಾಕಿಸುವ ಮಾತು ಬಂದಾಗ ಅಂಗಡಿಯವನು ಎರಡು ದಾರಿ ಹೇಳಿದ. ಬಾಕ್ಸನ್ನು ಕೊಂಡುಕೊಳ್ಳಬಹುದು, ಇಲ್ಲವೇ ತಿಂಗಳ ಬಾಡಿಗೆಗೆ ಇಟ್ಟುಕೊಳ್ಳಬಹುದು. ಬಾಡಿಗೆಯದಾದರೆ ಕೆಟ್ಟರೆ ಅವರೇ ಬದಲಾಯಿಸಿಕೊಡುತ್ತಾರೆ, ಬೇಡವೆಂದ ದಿನ ವಾಪಸ್ ಕೊಟ್ಟರಾಯಿತು. ನಾಳೆ ನನಗೆ ಎಲ್ಲಿಗೆ ವರ್ಗವೋ, ಸ್ವಂತದ್ದು ಯಾಕೆ ಎಂದುಕೊಂಡು ಬಾಡಿಗೆಗೇ ಒಪ್ಪಿದೆವು. ಸಂಜೆ ಹೂವು ಕಟ್ಟುತ್ತ ಕೂತಿದ್ದ ಓನರಮ್ಮನಿಗೆ ಹೇಳಿದರೆ ಅವರ ಮುಖ ಸಪ್ಪಗಾಯಿತು.

"ಬ್ಯಾಡ ಕಣಮ್ಮಣ್ಣಿ. ಕೊಂಡ್ಕಂಡ್ಬುಡು."

"ಯಾಕಮ್ಮಾ? ಬಾಡಿಗೇದೇ ಅನುಕೂಲ."

"ಅವರ ವಸ್ತುವ ನಿನ್ ಮನೆ ಒಳಗಿಟ್ಕಂಡ್ರೆ, ಅದನ್ನ ನೋಡಕ್ಕೆ ಅಂತ ಅವರು ಬರ್ತಾರೆ. ಬರಬ್ಯಾಡಿ ಅನ್ನಕ್ಕೆ ನಿಂಗೆ ಬಾಯಿರಲ್ಲ."

ಕಿವಿಯ ಕಥೆಯನ್ನು ಆವತ್ತು ಹೇಳಿದರು. ಮದುವೆಯಾದ ಹೊಸತು. ಗಂಡ ಮನೆಯಲ್ಲಿಲ್ಲ. ಯಾವನೋ ಬಂದು ಕರೆಂಟ್ ಮೀಟರು ನೋಡಬೇಕು ಎಂದ. "ಮೀಟರು ನಮ್ದಲ್ವಲ್ಲ, ಅವರದಲ್ವಾ. ಬ್ಯಾಡ ಅನ್ನಂಗಿಲ್ಲ ಅಂತ ಬಾಗ್ಲು ತೆಗೆದ್ಬುಟ್ಟೆ." ಓಲೆ ಕಿತ್ತುಕೊಂಡ ಮಾತಿಗೆ ಬರುವ ಮೊದಲೇ ಬೆರಳು ಕಿವಿಗೆ ಹೋಯಿತು.

ಅವರ ಮನೆಯದು ಸ್ವಂತ ಬಾಕ್ಸು. ಮುಂಗಾರಿನ ಸಿಡಿಲಿಗೆ ಒಂದು ದಿನ ಕೆಳಗಿನದೂ ಮೇಲಿನದೂ ಒಟ್ಟಿಗೇ ಸುಟ್ಟುಹೋದವು. ನಮಗೆ ಬೇರೆಯದು ಬಂತು, ಅವರು ಮತ್ತೆ ಕೊಳ್ಳಬೇಕಾಯಿತು. "ನೋಡಿ, ನಾನು ಹೇಳಲಿಲ್ವಾ" ಎಂದು ಛೇಡಿಸಿದೆ. "ಆಗ್ಲಿ ಬುಡು. ಸುಟ್ಟೋದ್ರೂ ನಂದೇ ಸುಟ್ಟೋಗಿದ್ದು" ಎಂದು ನಕ್ಕರು. ಅವರು ನಕ್ಕಿದ್ದೇ ಅಪರೂಪ, ಅದಕ್ಕೇ ನೆನಪಿದೆ.

ಮಗಳು ಹುಟ್ಟಿದ ಮೇಲೆ ನಾನು ರಜೆಯಲ್ಲಿದ್ದೆ. ಒಂದು ಮಧ್ಯಾಹ್ನ, ಬೆಟ್ಟದ ಬಂಡೆ ಕಾದು ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತು, ಬಾಗಿಲು ತಟ್ಟಿದ ಸದ್ದಾಯಿತು. ಇಬ್ಬರು ನಿಂತಿದ್ದರು. ಒಬ್ಬ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ.

"ಅಕ್ಕಾ, ಡಿಶ್ ಕಂಪ್ನಿಯಿಂದ. ನಿಮ್ದು ಬಾಡಿಗೆ ಬಾಕ್ಸ್ ಅಲ್ವಾ? ಹಳೇದೆಲ್ಲ ವಾಪಸ್ ತಗೊಂತಾ ಇದೀವಿ."

ಬಾಡಿಗೆಯದು ಎಂದು ಅವನಿಗೆ ಹೇಗೆ ತಿಳಿದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ವಸ್ತು ಅವರು ಕೇಳುತ್ತಿದ್ದಾರೆ, ಇನ್ನೇನು ಹೇಳಲಿ? ಒಳಗೆ ಬಿಟ್ಟೆ. ಚೀಟಿಯವನು ವೈರು ಕೀಳತೊಡಗಿದ. ನನ್ನ ಬೆನ್ನ ಹಿಂದೆ ಚಿಲಕ ಬಿದ್ದ ಸದ್ದು ಕೇಳಿ ತಿರುಗಿದೆ. ಇನ್ನೊಬ್ಬ ಬಾಗಿಲು ಹಾಕಿ ತೊಟ್ಟಿಲ ಹತ್ತಿರ ಹೋಗಿದ್ದ. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಮಗು ಅವನ ತೋಳಿನಲ್ಲಿತ್ತು.

"ಪಾಪು ಎದ್ಬುಡ್ತದೆ, ನಾನು ಎತ್ಕಂಡಿರ್ತೀನಿ" ಎಂದ, ಮೆತ್ತಗೆ, ಮನೆಯವನ ಹಾಗೆ. "ನೀವು ಬೀರು ತೆಗೀರಿ ಅಕ್ಕಾ."

ಅವನು ಬೈಯಲಿಲ್ಲ. ಚಾಕು ತೋರಿಸಲಿಲ್ಲ. ಮಗುವಿನ ಕತ್ತಿನ ಕೆಳಗೆ ಅವನ ಹೆಬ್ಬೆರಳು ಇತ್ತು, ಅಷ್ಟೆ. ಬೀರು ತೆರೆದೆ. ತವರಿನಲ್ಲಿ ಹಾಕಿದ್ದ ಸರ ಚೀಟಿಯವನ ಜೇಬು ಸೇರಿತು. ಅವನು ಇನ್ನೂ ಕೈಯಾಡಿಸುತ್ತಿದ್ದ. ಆಗ ಹೊರಗಿನಿಂದ ಯಾರೋ ಬಾಗಿಲು ಬಡಿಯತೊಡಗಿದರು.

"ಲೇ ಅಮ್ಮಣ್ಣಿ! ತೆಗಿಯೇ ಬಾಗ್ಲ! ನನ್ ಬಾಕ್ಸ್ ಕೊಡೇ!"

ಓನರಮ್ಮ. ಮಂಡಿನೋವಿಗೆ ಅವರು ಮಹಡಿ ಹತ್ತುತ್ತಲೇ ಇರಲಿಲ್ಲ. ನನ್ನನ್ನು ಎಂದೂ 'ಲೇ' ಎಂದು ಕರೆದವರಲ್ಲ.

"ಯಾರೇ ಹೇಳಿದ್ದು ಅದು ಬಾಡಿಗೇದು ಅಂತ? ಅದು ನಂದು! ನನ್ ಬಾಕ್ಸ ಕಂಡೋರಿಗೆ ಎತ್ಕೊಡ್ತಿಯೇನೆ? ಕೊಡಗಂಟ ನಾನು ಇಲ್ಲಿಂದ ಕದಲಲ್ಲ. ಏ ಟೈಲರಪ್ಪಾ, ಬಾರೋ ಇಲ್ಲಿ! ಬರ್ರಪ್ಪಾ, ನೀವೇ ನ್ಯಾಯ ಹೇಳ್ರಿ!"

ಕಳ್ಳ ಎಂಬ ಮಾತು ಒಂದೇ ಒಂದು ಸಲವೂ ಅವರ ಬಾಯಿಂದ ಬರಲಿಲ್ಲ. ಬಾಡಿಗೆಯವಳ ಮೇಲೆ ಹರಿಹಾಯುವ ಗಯ್ಯಾಳಿ ಓನರಮ್ಮನಾಗಿ, ಇಡೀ ಬೀದಿ ಏಳುವಂತೆ ಕೂಗುತ್ತಿದ್ದರು. ಎದುರುಮನೆಯ ಟೈಲರ್ "ಏನ್ ಗಲಾಟೆನಮ್ಮಾ?" ಎನ್ನುತ್ತ ಬರುವುದು ಕೇಳಿಸಿತು. ಬೀದಿ ಕೊನೆಯ ಹಿಟ್ಟಿನ ಗಿರಣಿಯ ಸದ್ದೂ ನಿಂತಿತು.

ಒಳಗಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗುವನ್ನು ಹಿಡಿದಿದ್ದವನು ಅದನ್ನು ತೊಟ್ಟಿಲಲ್ಲಿ ಮಲಗಿಸಿದ. ಚೀಟಿಯವನು ಚಿಲಕ ತೆಗೆದು, "ತಗೋ ಅಜ್ಜಿ, ನಿನ್ ಬಾಕ್ಸು" ಎಂದು ಅವರ ಕೈಗೆ ತುರುಕಿದ. ಓನರಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಳ್ಳರಿಬ್ಬರೂ ಮೆಟ್ಟಿಲಿಳಿದು ಬೈಕು ಹತ್ತುವವರೆಗೂ ಅವರು ನನ್ನನ್ನು ಬೈಯುತ್ತಲೇ ಇದ್ದರು. ಬೈಕಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಅವರು ಹೊಸ್ತಿಲ ಮೇಲೆ ಕೂತರು. "ಕೂಸು? ಕೂಸು ಎಂಗೈತೆ?" ಎಂದರು.

ಮಗುವನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕೂತೆ. ಆಗ ಗೊತ್ತಾಯಿತು, ಅವರ ಸೀರೆ ಒದ್ದೆಯಾಗಿತ್ತು. ಭಯಕ್ಕೆ ಹೋದ ಮೂತ್ರ ಮೆಟ್ಟಿಲವರೆಗೂ ಹರಿದಿತ್ತು. ಕೆಳಗೇ ನಿಂತಿದ್ದ ಟೈಲರ್ ಮೇಲೆ ಬರುವಷ್ಟರಲ್ಲಿ ನಾನು ಬಿಂದಿಗೆಯ ನೀರು ಸುರಿದು, ಕೈಜಾರಿ ಚೆಲ್ಲಿತು ಎಂದೆ. ಅವರು ಇರುವವರೆಗೂ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಅದರಲ್ಲಿ ಅವರ ಮರ್ಯಾದೆ ಕಳೆಯುವಂಥದ್ದು ಏನೂ ಇಲ್ಲವೆಂದು.

"ಹೆಂಗೆ ಗೊತ್ತಾಯ್ತಮ್ಮಾ?" ಎಂದು ಆಮೇಲೆ ಕೇಳಿದೆ.

"ಬಾಕ್ಸ್ ಬಿಚ್ಚಕ್ಕೆ ಬಂದೋರು ಚಿಲಕ ಯಾಕೆ ಹಾಕ್ಕಂಡ್ರು? ಕಿಟಕೀಲಿ ನಿಂತು ಅವರ ಮಾತೂ ಕೇಳಿದ್ದೆ, ಚಿಲಕದ ಸದ್ದೂ ಕೇಳಿಸ್ತು. ಕಳ್ಳ ಅಂತ ಕೂಗಿದ್ರೆ ಕೂಸಿಗೆ ಏನಾರ ಮಾಡ್ಬುಡ್ತಾರೆ ಅನ್ನಿಸ್ತು."

ದೂರು ಕೊಟ್ಟೆವು. ಅಂಗಡಿಯವನು ತಾನು ಯಾರನ್ನೂ ಕಳಿಸಿಲ್ಲವೆಂದು ಆಣೆ ಮಾಡಿದ. ಸರ ಸಿಗಲಿಲ್ಲ, ಕಳ್ಳರೂ ಸಿಗಲಿಲ್ಲ. ಬಾಡಿಗೆ ಬಾಕ್ಸನ್ನು ಹಿಂತಿರುಗಿಸಿ ಸ್ವಂತದ್ದು ತಂದೆವು. "ನಾನು ಹೇಳಿದ್ದೆ" ಎಂದು ಓನರಮ್ಮ ಎಂದೂ ಅನ್ನಲಿಲ್ಲ. ಮೆಟ್ಟಿಲಿಗೊಂದು ಕಬ್ಬಿಣದ ಗೇಟು ಹಾಕಿಸಿ, ಅದರ ಎರಡೂ ಕೀಲಿಗಳನ್ನು ತಂದು ನನ್ನ ಕೈಗಿಟ್ಟರು.

"ಒಂದು ನಿಮ್ಮ ಹತ್ರ ಇರಲಿ" ಎಂದೆ.

"ಬ್ಯಾಡ. ಮನೆ ನಂದಿರಬೋದು, ಬಾಗ್ಲು ನಿಂದು."

ಸಿರಾಕ್ಕೆ ವರ್ಗವಾಗಿ ಬಂದು ಈಗ ಕೆಲವು ವರ್ಷಗಳಾದವು. ಕಳೆದ ಬೇಸಿಗೆಯಲ್ಲಿ ಅವರ ಮಗಳು ಫೋನ್ ಮಾಡಿ, ಅಮ್ಮನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದಳು. ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ನನ್ನನ್ನು ಕಂಡು ಕೈ ಚಾಚಿದರು.

"ಅಮ್ಮಣ್ಣಿ, ಹೆದ್ರಿಕೆ ಆಗ್ತೈತೆ. ಭಯಮೈತುಂದಿ ತಲ್ಲೀ."

ಮಂಚದ ಪಕ್ಕ ಕೂತು ಆ ಕೈ ಹಿಡಿದುಕೊಂಡೆ. ಹೊರಗೆ ಹೋಗಿರಿ ಎಂದು ನರ್ಸು ಎರಡು ಸಲ ಹೇಳಿದಳು. ಉಸಿರು ಎಳೆದಾಗೆಲ್ಲ ಅವರ ಎದೆಯಿಂದ ಬರುತ್ತಿದ್ದ ಸದ್ದು ಕೇಳಿ ಎದ್ದು ಓಡಿಬಿಡೋಣ ಅನ್ನಿಸುತ್ತಿತ್ತು. ಓಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಬೆರಳುಗಳು ಸಡಿಲವಾಗುವವರೆಗೂ ಆ ಮಂಚದ ಪಕ್ಕದಿಂದ ನಾನು ಕದಲಲಿಲ್ಲ.